ಅಡುಗೆಮನೆಯ ತೂತು

"ಮನೇಲಿ ಏನ್ ಬೇಕಾದ್ರೂ ಮಾಡ್ಕೋ ಮಗಾ. ಬಾಗಿಲು ಕಿತ್ತು ಹಾಕು, ಸೂರು ಇಳಿಸು, ನಿನ್ನಿಷ್ಟ. ಆ ತೂತಿಗೆ ಮಾತ್ರ ಕೈ ಹಚ್ಬೇಡ."

ಪಕ್ಕದ ಮನೆಯ ಅಜ್ಜಿ ದೊನ್ಯಾ ಎತೆಲ್ವಿನಾ ಹೊಸ್ತಿಲ ಆಚೆಯೇ ನಿಂತಿದ್ದಳು. ಒಳಗೆ ಕರೆದರೂ ಬರಲಿಲ್ಲ. ಅವಳ ಬೆರಳುಗಳು ಅರ್ಧ ಹೆಣೆದ ಹುಲ್ಲಿನ ಟೋಪಿಯ ಮೇಲೆ ತಮ್ಮ ಪಾಡಿಗೆ ಓಡಾಡುತ್ತಿದ್ದವು. ಕಣ್ಣು ಮಾತ್ರ ಮನೆಗೆ ಹೊಸದಾಗಿ ಬಂದ ಆನ್ಸೆಲ್ಮೊನ ಹೆಗಲು ದಾಟಿ ಅಡುಗೆಮನೆಯ ಗೋಡೆಯ ಮೇಲೆ ನೆಟ್ಟಿತ್ತು. ಅಲ್ಲಿ ಒಲೆಯ ಪಕ್ಕ, ಸೊಂಟದೆತ್ತರದಲ್ಲಿ, ಮುಷ್ಟಿ ತೂರುವಷ್ಟು ಒಂದು ತೂತು. ಅಂಚು ಸವೆದು ನುಣ್ಣಗಾಗಿತ್ತು. ಒಳಗೆ ಗಟ್ಟಿ ಕತ್ತಲು.

"ಯಾಕೆ ದೊನ್ಯಾ, ಇಲಿ ಸಾಕಿದೀರಾ ಅಲ್ಲಿ?"

ಅವಳು ನಗಲಿಲ್ಲ. "ಈ ಮನೆ ಕಟ್ಟಿದ್ದು ಅಣ್ಣತಮ್ಮ. ಕಟ್ಟಿದ್ದು ತಮ್ಮ, ನೋಡ್ತಾ ಕೂತಿದ್ದವನು ಅಣ್ಣ ಅನ್ನು. ಕೊನೇ ಹಿಡಿ ಮಣ್ಣು ಮೆತ್ತೋ ಹೊತ್ತಿಗೆ ಅಣ್ಣ ಅವನನ್ನ ಬೀದಿಗೆ ದಬ್ಬಿದ. ತಮ್ಮ ಬೆಟ್ಟದ ಕಡೆ ಹೋಗಿ, ತಂಬಾಕಿನ ಜೊತೆ ತನ್ನ ಕೂದಲು ಸುಟ್ಟು ಮಾಟ ಮಾಡಿಸ್ಕೊಂಡು ಬಂದು ಈ ಗೋಡೇಲಿ ಹೂತ. ಈ ಮನೇಲಿ ಯಾರ ಕೆಲಸಾನೂ ಮುಗೀಬಾರ್ದು ಅಂತ."

ಆನ್ಸೆಲ್ಮೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರೆ ಇಡೀ ಪೆರುವಿಗೇ ಯಾರೋ ಮಾಟ ಮಾಡಿಸಿದಾರೆ ಬಿಡಿ. ಲೀಮಾದಲ್ಲಿ ನಮ್ಮಮ್ಮನ ಮನೆ ಮೇಲೆ ನಾನು ಹುಟ್ಟೋಕೆ ಮುಂಚೆ ಬಿಟ್ಟ ಕಂಬಿ ಇನ್ನೂ ಆಕಾಶ ನೋಡ್ತಾ ನಿಂತಿದೆ. ಮೇಲಿನ ಮಹಡಿ ಬರೋದೇ ಇಲ್ಲ!"

"ನಗು, ನಗು. ಅಣ್ಣ ಕೊನೇವರೆಗೂ ರಿಪೇರಿ ಮಾಡ್ತಾನೇ ಇದ್ದ. ಅವನ ಹೆಂಡತಿ ಗತಿ ಏನಾಯ್ತು ಅಂತ ಕೇಳ್ಬೇಡ. ಆಮೇಲೆ ಬಂದ ಮಂತ್ರವಾದಿಗೆ ಆ ಮಾಟಾನ ಕೀಳೋಕಾಗ್ಲಿಲ್ಲ. ಆ ತೂತು ಕೊರೆದು ಹೋದ. ಆಚೆ ನೋಡೋಕೆ ಒಂದು ಕಿಂಡಿ ಇದ್ರೆ ಅದು ಸುಮ್ನಿರತ್ತೆ ಅಂದ."

ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೊರಟುಹೋದಳು. ಆನ್ಸೆಲ್ಮೊ ಅದೇ ಮಧ್ಯಾಹ್ನ ಗಾರೆ ಕಲಸಿದ.

ಅವನಿಗೆ ಗೋಡೆಯೆಂದರೆ ಹಸಿವು. ಲೀಮಾದ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಬದುಕಿದ್ದ; ಒಂದು ಮೊಳೆ ಹೊಡೆಯಬೇಕೆಂದರೂ ಮನೆಯೊಡತಿಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಬಸ್ ಕಂಪನಿಯ ಕೆಲಸ ಹೋದಾಗ, ಹೆಂಡತಿ ನೋರ್ಕಾಗೆ ಚಿಕ್ಲಾಯೊ ಆಸ್ಪತ್ರೆಗೆ ನರ್ಸ್ ಆಗಿ ವರ್ಗವಾದಾಗ, ಅಲ್ಲಿಗೆ ಹತ್ತಿರದ, ಕಡಲ ಪಕ್ಕದ ಎತೆನ್‌ನಲ್ಲಿ ಈ ಹಳೆಯ ಮನೆ ಅಗ್ಗಕ್ಕೆ ಕೊಳ್ಳಲು ಸಿಕ್ಕಿತು. ಜೊಂಡಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆಗಳು, ಉಪ್ಪುಗಾಳಿಗೆ ಹೊಪ್ಪಳಿಕೆ ಎದ್ದ ಬಣ್ಣ. ನೋರ್ಕಾ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಅವನು ಫೋನಿನಲ್ಲಿ ವಿಡಿಯೊ ಹಾಕಿಕೊಂಡು ಕರಣೆ ಹಿಡಿಯುತ್ತಿದ್ದ. ಕೂಲಿಯವರನ್ನು ಕರೆಯುವ ಮಾತೇ ಇಲ್ಲ. ನನ್ನ ಗೋಡೆ, ನನ್ನ ಕೈ.

ತೂತಿಗೆ ಮೊದಲ ಗಾರೆ ಒತ್ತಿದಾಗ ಒಳಗಿನಿಂದ ತಣ್ಣನೆಯ ಗಾಳಿ ಅಂಗೈಗೆ ತಾಗಿತು. ಹಳೆಯ ತಂಬಾಕು, ಸುಟ್ಟ ಕೂದಲಿನ ವಾಸನೆ. ಅವನು ಮೂಗು ಸುಕ್ಕಿಸಿ ಇನ್ನೊಂದು ಮುದ್ದೆ ಒತ್ತಿದ. ಗೋಡೆ ಅದನ್ನು ನುಂಗಿತು. ಮತ್ತೊಂದು. ಅದನ್ನೂ ನುಂಗಿತು. ಬಾಂಡ್ಲಿ ಖಾಲಿಯಾಗುವ ಹೊತ್ತಿಗೆ ತೂತು ತುಂಬಿತು. ಕರಣೆಯಿಂದ ನುಣ್ಣಗೆ ಸವರಿದ. ಸಂಜೆ ನೋರ್ಕಾ ಬಂದು ಬೆರಳಾಡಿಸಿ ನೋಡಿ, "ಪರವಾಗಿಲ್ವೋ ಕಡ್ಡಿ, ಮೇಸ್ತ್ರಿ ಆಗ್ಬಿಟ್ಟೆ" ಎಂದು ಅವನ ಸಣಕಲು ಬೆನ್ನು ತಟ್ಟಿದಳು.

ಮರುದಿನ ನಲ್ಲಿ ಸೋರಿತು. ವಾಷರ್ ಬದಲಿಸಿದ, ಪೈಪು ಒಡೆಯಿತು. ಪೈಪು ಸೇರಿಸಿದ; ನೆಲದ ಹಂಚು ಉಬ್ಬಿ ಎದ್ದಿತು. ಹಂಚು ಕೂರಿಸಿ ತಲೆಯೆತ್ತಿದರೆ ಕಿಟಕಿ ಚೌಕಟ್ಟು ಬಿಟ್ಟುಕೊಂಡಿತ್ತು. ಹಳೇ ಮನೆ, ಇವೆಲ್ಲ ಇದ್ದದ್ದೇ ಎಂದು ನಗುತ್ತಲೇ ಮಾಡಿದ. ಆಮೇಲೆ ನಗುವುದು ಬಿಟ್ಟ. ಬಾಗಿಲ ಒಂದು ಮೂಲೆ ಉಜ್ಜಿದರೆ ಇನ್ನೊಂದು ಮೂಲೆ ಹಿಡಿಯುತ್ತಿತ್ತು. ಬಿರುಕಿಗೆ ಪುಟ್ಟಿ ತುಂಬಿ ಒಣಗಲು ಬಿಟ್ಟು ತಿರುಗಿದರೆ ಎದುರಿನ ಗೋಡೆಯಲ್ಲಿ ಅದೇ ಆಕಾರದ ಬಿರುಕು ಕಾಯುತ್ತಿತ್ತು. ಮತ್ತು ಒಲೆಯ ಪಕ್ಕದ ನುಣ್ಣನೆಯ ಗಾರೆಯ ಹಿಂದೆ ಕರಕರ ಸದ್ದು. ಯಾರೋ ಒಳಗಡೆಯಿಂದ ಕರಣೆ ಎಳೆದಂತೆ.

ಊಟ ತಣ್ಣಗಾಗುತ್ತಿತ್ತು. ಕೂತರೆ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ಕೈಯಲ್ಲಿ ಏನೂ ಇಲ್ಲದಾಗ ಬೆರಳುಗಳು ಮೇಜಿನ ಅಂಚನ್ನು ಸವರುತ್ತ, ಒತ್ತುತ್ತ, ಸಂದು ಹುಡುಕುತ್ತಿದ್ದವು.

"ಕೈ ನೋಡ್ಕೋ ಒಂದ್ಸಲ" ಎಂದಳು ನೋರ್ಕಾ. ಬೆರಳ ತುದಿಗಳ ಚರ್ಮ ಸವೆದು ಕೆಂಪಾಗಿತ್ತು. ಅವನಿಗೆ ನೋವೇ ಆಗಿರಲಿಲ್ಲ.

"ಇದೊಂದು ಮುಗಿದ್ರೆ ಆಯ್ತು ಕಣೇ."

"ಯಾವುದೊಂದು?"

ಅವನ ಬೆರಳುಗಳು ಮತ್ತೆ ಮೇಜಿನ ಅಂಚಿಗೆ ಹೋದವು.

ಭಾನುವಾರ. ಕಡಲಗಾಳಿ ಮರಳು ತಂದು ಬಾಗಿಲಿಗೆ ಎರಚುತ್ತಿತ್ತು. ನೋರ್ಕಾ ಹಿಂದಿನ ದಿನದ ಪಾಳಿ ಮುಗಿಸಿ ಸುಸ್ತಾಗಿ, ಊಟವಾದೊಡನೆ ಅಂಗಾತ ಮಲಗಿ ನಿದ್ದೆ ಹೋದಳು. ಆನ್ಸೆಲ್ಮೊ ಬಿಳಿ ಗಾರೆಯ ಬಟ್ಟಲು ಹಿಡಿದು ಮಲಗುವ ಕೋಣೆಗೆ ಬಂದ. ಮಂಚದ ತಲೆಯ ಕಡೆ ಗೋಡೆಯಲ್ಲಿ ಸಣ್ಣ ಬಿರುಕು. ತುಂಬಿದ. ಅದರ ಕೆಳಗೆ ಇನ್ನೊಂದು. ತುಂಬಿದ. ಅದರ ಕೆಳಗೆ ಇನ್ನೊಂದು, ತುಸು ಬಾಗಿದ್ದು. ಬೆಚ್ಚಗಿತ್ತು. ಬೆರಳಿನಿಂದ ಒತ್ತಿದ. ಪಕ್ಕದಲ್ಲೇ ಎರಡು ಪುಟ್ಟ ತೂತು. ಅವುಗಳಿಂದ ಗಾಳಿ ಬರುತ್ತಿತ್ತು. ಗಾಳಿ ಬರಬಾರದು. ಒಂದಕ್ಕೆ ಗಾರೆ ಒತ್ತಿದ. ಇನ್ನೊಂದಕ್ಕೆ ಒತ್ತಲು ಹೆಬ್ಬೆರಳು ಎತ್ತಿದ.

ಗೋಡೆ ಕಣ್ಣು ಬಿಟ್ಟಿತು.

ನೋರ್ಕಾ. ಅವಳ ತುಟಿಗಳ ಸಂದಿನಲ್ಲಿ ಬಿಳಿ ಗಾರೆ. ಮೂಗಿನಲ್ಲಿ ಗಾರೆ. ಅವಳು ಅವನ ಎದೆಗೆ ಒದ್ದು, ಉರುಳಿ ನೆಲಕ್ಕೆ ಬಿದ್ದು, ಕೆಮ್ಮಿದಳು, ಕಾರಿದಳು. ಉಸಿರು ಎಳೆದುಕೊಳ್ಳುವ ಆ ಸದ್ದು ಅವನ ತಲೆಯೊಳಗೆ ಏನನ್ನೋ ಸೀಳಿತು. ಅವನು ತನ್ನ ಕೈಯನ್ನು ನೋಡಿದ. ಬಲಗೈ ಇನ್ನೂ ಮುಂದಕ್ಕೆ ಚಾಚುತ್ತಿತ್ತು. ಹೆಬ್ಬೆರಳು ಇನ್ನೂ ಆ ತೂತನ್ನು ಹುಡುಕುತ್ತಿತ್ತು.

"ಓಡು!" ಎಂದು ಅರಚಿದ. "ನೋರ್ಕಾ, ನನ್ನಿಂದ ದೂರ ಓಡು!"

ಅವನೂ ಓಡಿದ. ಅಡುಗೆಮನೆಗೆ. ಎಡಗೈಯಿಂದ ಹಾರೆ ಎತ್ತಿ ಒಲೆಯ ಪಕ್ಕದ ಗಾರೆಗೆ ಗುದ್ದಿದ. ಬಲಗೈ ಹಾರೆಯನ್ನು ಹಿಡಿದೆಳೆಯಿತು. ಗುದ್ದಿದ. ತುಂಡು ಉದುರಿತು. ಬಲಗೈ ಆ ತುಂಡನ್ನು ಹೆಕ್ಕಿ ಮತ್ತೆ ಅಲ್ಲೇ ಮೆತ್ತಿತು. ಗುದ್ದಿದ. ತಂಬಾಕಿನ ವಾಸನೆ. ಕೂದಲ ವಾಸನೆ. ಗಾರೆ ಬಿರಿಯಿತು. ಕತ್ತಲು ಕಂಡಿತು.

ಬಲಗೈ ತಾನಾಗಿ ಒಳಗೆ ಹೋಯಿತು. ಮಣಿಕಟ್ಟಿನವರೆಗೆ. ಮೊಣಕೈವರೆಗೆ. ಗೋಡೆಗೆ ಅಷ್ಟು ದಪ್ಪವೇ ಇರಲಿಲ್ಲ.

ಒಳಗೆ ಇನ್ನೊಂದು ಕೈ ಇತ್ತು. ತಣ್ಣಗೆ, ಒರಟಾಗಿ, ಹಸಿ ಮಣ್ಣು ಮೆತ್ತಿದ ಕೈ. ಅದು ಅವನ ಬೆರಳುಗಳ ನಡುವೆ ಬೆರಳು ಹೆಣೆದು ಎಳೆಯತೊಡಗಿತು. ಹೆಗಲು ಗೋಡೆಗೆ ಬಡಿಯಿತು. ಕೆನ್ನೆ ಗೋಡೆಗೆ ಅಂಟಿತು. ಗೋಡೆಯಾಚೆಯಿಂದ, ಕಿವಿಯ ಹತ್ತಿರವೇ, ಯಾರೋ ಏದುಸಿರು ಬಿಡುತ್ತಿದ್ದರು. ದಿನವಿಡೀ ದುಡಿದವನ ಉಸಿರು.

ಆಗ ಅವನ ಸೊಂಟವನ್ನು ಎರಡು ತೋಳುಗಳು ಬಳಸಿದವು. ನೋರ್ಕಾ ಓಡಿರಲಿಲ್ಲ. ಗೋಡೆಗೆ ಪಾದ ಊರಿ ಹಿಂದಕ್ಕೆ ಜಗ್ಗಿದಳು. "ಬಿಡು ಅವನನ್ನ!" ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. "ಬಿಡು! ಮುಗೀತು! ಈ ಮನೆ ನಮಗೆ ಬೇಡ! ನೀನೇ ಇಟ್ಕೋ!"

ಒಳಗಿನ ಬೆರಳುಗಳು ಒಂದು ಕ್ಷಣ ತಡೆದವು. ಆಮೇಲೆ ಸಡಿಲಾದವು.

ಇಬ್ಬರೂ ಹಿಂದಕ್ಕೆ ಉರುಳಿದರು. ಮನೆ ಸದ್ದಡಗಿತ್ತು. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಆನ್ಸೆಲ್ಮೊನ ಬಲಗೈ ಮಣಿಕಟ್ಟಿನಿಂದ ಕೆಳಗೆ ಬೆಳ್ಳಗಾಗಿತ್ತು. ನೋರ್ಕಾ ಉಗುರಿನಿಂದ ತಟ್ಟಿದಳು. ಟಕ್ ಎಂದಿತು. ಗಾರೆ ಅಂಟಿದೆಯೆಂದು ನೀರಲ್ಲಿ ನೆನೆಸಿ ಉಜ್ಜಿದಳು, ಅಳುತ್ತ ಉಜ್ಜಿದಳು. ಉದುರಲು ಅಲ್ಲಿ ಗಾರೆಯೇ ಇರಲಿಲ್ಲ.

ಉಟ್ಟ ಬಟ್ಟೆಯಲ್ಲೇ ಹೊರಟರು. ಪಕ್ಕದ ಬಾಗಿಲಲ್ಲಿ ಕೂತಿದ್ದ ದೊನ್ಯಾ ಎತೆಲ್ವಿನಾ ಅವನ ಕೈ ನೋಡಿದಳು, ನೋರ್ಕಾಳ ಬಿಳಿ ಮೆತ್ತಿದ ತುಟಿ ನೋಡಿದಳು.

"ಜೀವ ಇದೆಯಲ್ಲ" ಎಂದಳು. "ಹೋಗಿ ಮಕ್ಕಳಾ. ತಿರುಗಿ ನೋಡ್ಬೇಡಿ."

ಚಿಕ್ಲಾಯೊದ ವೈದ್ಯರು ಆ ಕೈಯನ್ನು ತಿರುವಿ ಮುರುವಿ ನೋಡಿ, ನರ ಸತ್ತಿದೆ ಎಂದರು, ಯಾಕೆಂದು ಹೇಳಲಿಲ್ಲ. ಈಗ ಅವರಿರುವುದು ಆಸ್ಪತ್ರೆಯ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ. ಹಗಲು ಇಬ್ಬರೂ ಚೆನ್ನಾಗಿಯೇ ಇರುತ್ತಾರೆ. ನೋರ್ಕಾ ಅವನಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಾಳೆ, ಅಂಗಿಯ ಗುಂಡಿ ಹಾಕುತ್ತಾಳೆ, ಕಡ್ಡಿ ಎಂದೇ ಕರೆಯುತ್ತಾಳೆ. ಮಲಗುವ ಹೊತ್ತಿಗೆ ಮಾತ್ರ ತನ್ನ ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗುತ್ತಾಳೆ.

ಆನ್ಸೆಲ್ಮೊ ಕತ್ತಲಲ್ಲಿ ಕಿವಿಗೊಟ್ಟು ಕಾಯುತ್ತಾನೆ. ಅವಳು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸದ್ದು ಕೇಳಿದ ಮೇಲೆಯೇ ಕಣ್ಣು ಮುಚ್ಚುತ್ತಾನೆ.