ಕೆಮ್ಮುವಾಗ ಅಪ್ಪುವ ದಿಂಬು

ಸುಳ್ಳು ಹೇಳಿದರೆ ನನ್ನ ಎದೆಯ ಹೊಲಿಗೆಯೇ ಬಿಚ್ಚಲಿ! ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಹೃದಯಕ್ಕೆ ಲೋಹದ ವಾಲ್ವ್ ಹಾಕಿದ ಮೇಲೆ ನನ್ನ ಎದೆ ಗಡಿಯಾರದಂತೆ ಟಿಕ್ ಟಿಕ್ ಅನ್ನುತ್ತಿತ್ತು. ಕೆಮ್ಮುವಾಗ ಗಾಯ ಜಗ್ಗದಂತೆ ಅಪ್ಪಿಕೊಳ್ಳಲು, ತೀರಿಹೋದ ನನ್ನ ಅತ್ತೆಯ ಇಳಕಲ್ ಸೀರೆಯಿಂದ ಸೊಸೆ ಶಾಂಭವಿ ದಿಂಬು ಹೊಲಿದಳು.

ಒಂದು ಮಧ್ಯಾಹ್ನ ಆ ದಿಂಬನ್ನು ಅಂಗಳದ ಬಿಸಿಲಿಗಿಟ್ಟು ಒಳಗೆ ಬಂದೆ. ಎದೆ ಸುಮ್ಮನಿತ್ತು. ಟಿಕ್ ಟಿಕ್ ಅಂಗಳದಿಂದ ಕೇಳುತ್ತಿತ್ತು. ಹೋಗಿ ಮುಟ್ಟಿದರೆ, ಅಂಥ ಬಿಸಿಲಲ್ಲೂ ದಿಂಬು ತಣ್ಣಗಿತ್ತು.

"ಅತ್ತೀ, ಗಾಯ ಮಾಯ್ದೈತಲ್ರಿ, ದಿಂಬು ಬಿಚ್ಚಿ ಹತ್ತಿ ತಗೀಲೇನ್ರಿ?" ಎಂದಳು ಶಾಂಭವಿ.

"ಮುಟ್ಟಬ್ಯಾಡ!" ಎಂದೆ. ಇವಳಿಗೇಕೆ ಇಷ್ಟು ಅವಸರ?

ಅವಳು ನಗುತ್ತಲೇ ದಿಂಬಿಗೆ ಕಿವಿಯಿಟ್ಟಳು. ನಗು ನಿಂತಿತು. "ಅತ್ತೀ, ಇದರಾಗ ಎರಡು ಬಡ್ಯಾಕತ್ತಾವ್ರಿ."

"ಒಂದು ನಂದವ್ವಾ," ಎಂದೆ.