ಡಿಪೋದ ಪೊರಕೆಗಳು

ಮುದ್ದೆಮಾಲಿನ ಕೋಣೆಯಲ್ಲಿ ಇಲಿ ಸತ್ತು ನಾರುತ್ತಿತ್ತು. ಇನ್‌ಸ್ಪೆಕ್ಟರಮ್ಮ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಜಪ್ತಿಯಾದ ಸಾಮಾನಿನ ಗಂಟುಗಳನ್ನು ಒಂದೊಂದಾಗಿ ಕೊಡವುತ್ತಿದ್ದರು. ಕಾನ್‌ಸ್ಟೆಬಲ್ ಹೊಸ್ತಿಲ ಆಚೆಯಿಂದಲೇ ಟಾರ್ಚ್ ಬಿಡುತ್ತಿದ್ದ. ಕೇಳಲಿ ಬಿಡಲಿ ಹೊತ್ತು ಹೇಳುವ ಚಾಳಿಯಿಂದ ಅವನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು ಬಿದ್ದಿತ್ತು.

"ಒಳಗೆ ಬಾರಯ್ಯ. ಸತ್ತ ಇಲಿ ನಿನ್ನ ಕಚ್ಚುತ್ತಾ?"

"ಹತ್ತೂಕಾಲು ಮೇಡಂ. ಹೊರಗೆ ಬಸ್ ಡಿಪೋ ಮ್ಯಾನೇಜರು ಬಂದು ಕೂತಿದ್ದಾರೆ. ಬೆಂಚನ್ನ ಅವರೇ ಒರೆಸ್ಕೊಂಡು ಕೂತ್ರು."

ಹೈಡ್ರೋಜನ್ ತುಂಬಿ ಓಡಿಸುವ ಬಸ್ಸುಗಳ ಹೊಸ ಡಿಪೋ ಅದು. ಹಿಂದಿನ ದಿನವಷ್ಟೇ ಉದ್ಘಾಟನೆಯಾಗಿತ್ತು. ಮ್ಯಾನೇಜರ್ ಟೈಪು ಮಾಡಿಸಿದ ದೂರನ್ನು ಮೇಜಿನ ಮೇಲಿಟ್ಟ. ಸಮಾರಂಭದ ಹೊತ್ತಿನಲ್ಲಿ ಬಸ್ಸಿಗೆ ಗ್ಯಾಸ್ ತುಂಬುವ ಕೆಲಸಗಾರನೊಬ್ಬ ಸುಟ್ಟುಕೊಂಡಿದ್ದ, ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮರೆಯಲ್ಲಿ ಸಿಗರೇಟು ಹಚ್ಚಲು ಹೋಗಿದ್ದೇ ಕಾರಣ ಎಂದು ದೂರಿನಲ್ಲಿತ್ತು. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಲೈಟರ್.

"ಇದೆಲ್ಲಿ ಸಿಕ್ತು?"

"ಅವನ ಜೇಬಲ್ಲಿ. ನಾನೇ ತೆಗೆದೆ."

"ಪೊಲೀಸರು ಬರೋಕೆ ಮುಂಚೆ?"

"ಗಡಿಬಿಡಿಯಲ್ಲಿ ಮೇಡಂ."

"ಸುಟ್ಟ ಮನುಷ್ಯನ ಜೇಬಿಗೆ ಕೈ ಹಾಕೋ ಅಂಥ ಗಡಿಬಿಡಿ."

ಮ್ಯಾನೇಜರ್ ಸ್ಯಾನಿಟೈಸರಿನ ಸಣ್ಣ ಬಾಟಲಿ ತೆಗೆದು ಅಂಗೈಗೆ ಎರಡು ಹನಿ ಹಾಕಿಕೊಂಡು ತಿಕ್ಕಿಕೊಂಡ. ಆ ಘಮ ಇಲಿಯ ನಾತದ ಜೊತೆ ಸೇರಿದಾಗ ಇನ್‌ಸ್ಪೆಕ್ಟರಮ್ಮ ಕರ್ಚೀಫನ್ನು ಮತ್ತೆ ಮೂಗಿಗೆ ಏರಿಸಿಕೊಂಡರು. ಅಸಹಜ ಸಾವಿನ ಪ್ರಕರಣ ದಾಖಲಿಸಿ ಜೀಪು ಹತ್ತಿದರು.

ಸ್ಥಳ ಪಂಚನಾಮೆ ಹನ್ನೊಂದೂವರೆಗೆ ಶುರುವಾಯಿತು. ಸತ್ತವನ ಗುರುತೇ ಇರದ ಹಾಗೆ ಅಂಗಳ ತೊಳೆದಿದ್ದರು. ಗೋಡೆಗೆಲ್ಲ ಹೊಸ ಬಿಳಿ ಬಣ್ಣ. ಗೇಟಿನ ಪಕ್ಕದ ಗೋಡೆಯಲ್ಲಿ ಮಾತ್ರ ಸಾಲಾಗಿ ಖಾಲಿ ಮೊಳೆಗಳು.

"ಇಲ್ಲೇನು ತೂಗುಹಾಕಿದ್ರಿ?"

"ಏನೋ ಹಳೇ ಸಾಮಾನು," ಎಂದ ಮ್ಯಾನೇಜರ್. ಮಾತು ಬದಲಿಸಿದ. "ನಮ್ಮ ಬಸ್ಸು ಹೊಗೆ ಬಿಡಲ್ಲ ಮೇಡಂ, ಬರೀ ನೀರು ಬಿಡುತ್ತೆ. ನಿನ್ನೆ ಮುಖ್ಯ ಅತಿಥಿಗಳು ಹೊಗೆಕೊಳವೆ ಕೆಳಗೆ ಲೋಟ ಹಿಡಿದು ಕುಡಿದೇಬಿಟ್ರು!"

"ಅವನು ಸುಟ್ಟ ಮೇಲೋ, ಮುಂಚೆಯೋ?"

ಮ್ಯಾನೇಜರ್ ಫೋನ್ ಬಂತೆಂದು ಆಚೆ ಹೋದ. ಫೋನ್ ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.

ಗ್ಯಾಸ್ ತುಂಬುವ ಕಂಬದ ಬಳಿಗೆ ಕರೆದೊಯ್ಯಲು ಒಬ್ಬ ಹಿರಿಯ ಡ್ರೈವರ್ ಮುಂದೆ ಬಂದ. ಅವನ ನಡಿಗೆ ನೋಡಿ ಇನ್‌ಸ್ಪೆಕ್ಟರಮ್ಮ ನಿಂತುಬಿಟ್ಟರು. ಬಲಗೈ ಮುಂದೆ ಚಾಚಿ, ಮುಷ್ಟಿ ಬಿಗಿಹಿಡಿದು, ಕುರುಡನ ಹಾಗೆ ಗಾಳಿಯನ್ನು ಮೇಲಿಂದ ಕೆಳಗೆ ಸವರುತ್ತ ಹೆಜ್ಜೆಯಿಡುತ್ತಿದ್ದ. ಆಚೆ ಬಕೆಟ್ ಹಿಡಿದು ಅಂಗಳ ದಾಟುತ್ತಿದ್ದ ಹೆಂಗಸೂ ಹಾಗೆಯೇ. ಇಬ್ಬರ ಚಾಚಿದ ಕೈಯಲ್ಲೂ ಏನೂ ಇಲ್ಲ.

"ಏನಪ್ಪಾ ಹಿಡ್ಕೊಂಡಿದ್ದೀರಿ?"

ಡ್ರೈವರ್ ತನ್ನ ಮುಷ್ಟಿಯನ್ನು ತಾನೇ ಈಗ ಕಂಡವನಂತೆ ನೋಡಿಕೊಂಡ.

"ಪೊರಕೆ ತಾಯಿ."

"ಪೊರಕೆ?"

"ಈ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಗಲಲ್ಲಿ ಹೊತ್ತಿಕೊಂಡ್ರೆ ಉರೀನೂ ಕಾಣಲ್ಲ. ಮೈಗೆ ತಾಗೋವರೆಗೂ ಕಾವು ಸಹ ಗೊತ್ತಾಗಲ್ಲ. ಅದಕ್ಕೇ ತರಬೇತಿ ಕೊಟ್ಟ ಇಂಜಿನಿಯರು, ಅಂಗಳಕ್ಕೆ ಕಾಲಿಟ್ರೆ ಪೊರಕೆ ಮುಂದೆ ಹಿಡಿದೇ ನಡೀಬೇಕು ಅಂದಿದ್ರು. ಪೊರಕೆ ತುದಿ ಹೊತ್ತಿದ್ರೆ ಅಲ್ಲೇ ನಿಲ್ಲೋದು."

"ನಿನ್ನೆ ಪೊರಕೆಗಳು ಎಲ್ಲಿದ್ವು?"

ಡ್ರೈವರ್ ಮ್ಯಾನೇಜರನ ಬೆನ್ನು ನೋಡಿ ಬಾಯಿ ಮುಚ್ಚಿಕೊಂಡ. ಇನ್‌ಸ್ಪೆಕ್ಟರಮ್ಮ ಬೇರೆ ದಾರಿ ಹಿಡಿದರು.

"ಹೋಗಲಿ, ನೀವು ಕಂಡದ್ದು ಹೇಳಿ."

"ಬ್ಯಾಂಡ್ ಬಾರಿಸ್ತಿತ್ತು. ತುಂಬಿ ತೋರಿಸು ಅಂತ ಅವನನ್ನ ಕರೆದ್ರು. ಬರಿಗೈಯಲ್ಲಿ ಕಂಬದ ಹತ್ರ ಹೋದ. ಸೋರಿದ ಗ್ಯಾಸ್ ಅಲ್ಲಿ ಆಗಲೇ ಉರೀತಿತ್ತು, ಗೊತ್ತಾಗಲಿಲ್ಲ. ಆಮೇಲೆ ಕೈಕಾಲು ಬಡಿಯೋಕೆ ಶುರು ಮಾಡ್ದ. ಬೆಂಕಿ ಕಾಣ್ತಿಲ್ಲವಲ್ಲ, ಬಂದವರು ಕುಣೀತಿದ್ದಾನೆ ಅಂದ್ಕೊಂಡ್ರು. ಅಂಗಿ ಕಪ್ಪಗಾಗೋವರೆಗೂ ಚಪ್ಪಾಳೆ ತಟ್ಟಿದ್ರು ತಾಯಿ."

ಪಂಚನಾಮೆ ಬರೆಯುತ್ತಿದ್ದ ಗಡಿಯಾರ ಪೆನ್ನು ನಿಲ್ಲಿಸಿದ.

ಉರಿ ಗುರುತಿಸಿ ಸೈರನ್ ಕೂಗಿಸುವ ಯಂತ್ರಗಳೂ ಅಲ್ಲಿದ್ದವು. ಕಂಬಗಳ ತುದಿಯಲ್ಲಿ ಗಾಜಿನ ಕಣ್ಣುಗಳು. ಇನ್‌ಸ್ಪೆಕ್ಟರಮ್ಮ ಏಣಿ ತರಿಸಿ ತಾವೇ ಹತ್ತಿದರು. ಬೆರಳಿಟ್ಟರೆ ಗಾಜು ಅಂಟಂಟು. ಟೇಪು ಹಚ್ಚಿ ಕಿತ್ತ ಗೋಂದು, ಅದರಲ್ಲಿ ಸಿಕ್ಕಿಕೊಂಡು ಸತ್ತ ನೊಣಗಳು. ಕೆಳಗಿಳಿದು ಎಷ್ಟು ಒರೆಸಿಕೊಂಡರೂ ಆ ಜಿಗುಟು ಬೆರಳು ಬಿಡಲಿಲ್ಲ.

ಸಂಜೆ ಸತ್ತವನ ಮನೆಗೆ ಹೋದರು. ಒಂದೇ ಕೋಣೆ. ಹೊಲಿಗೆ ಯಂತ್ರದ ಮೇಲೆ ಅರ್ಧ ಬರೆದ ಕಾಗದ, ಅದರ ಮೇಲೆ ಕತ್ತರಿ. ಹೆಂಡತಿಯ ಕಣ್ಣು ಒಣಗಿತ್ತು.

"ನಿಮ್ಮ ಯಜಮಾನರು ಸಿಗರೇಟು ಸೇದ್ತಿದ್ರಾ ಅಮ್ಮ?"

"ಪಕ್ಕದ ಮನೆಯವರು ಸೇದಿದ್ರೆ ನಮ್ಮನೆ ಕಿಟಕಿ ಹಾಕೋರು."

"ಲೈಟರು ಜೇಬಲ್ಲಿತ್ತಂತೆ."

"ಯಾವ ಜೇಬು?" ಆಕೆ ಎದ್ದು ಗೂಟದಿಂದ ಇನ್ನೊಂದು ಕೆಲಸದ ಅಂಗಿ ತಂದಳು. "ಕೈ ಹಾಕಿ ನೋಡಿ. ಜೇಬಲ್ಲಿ ಏನೂ ಇಟ್ಕೋಬಾರದು ಅಂತ ಡಿಪೋದಲ್ಲಿ ಎಲ್ಲರಿಗೂ ಹೇಳಿದ್ರು. ಇರೋ ಎರಡು ಜೊತೆಗೂ ನಾನೇ ಹೊಲಿಗೆ ಹಾಕಿ ಮುಚ್ಚಿದ್ದೀನಿ."

ಬಿಗಿಯಾದ ಒತ್ತು ಹೊಲಿಗೆ. ಇನ್‌ಸ್ಪೆಕ್ಟರಮ್ಮನ ಉಗುರೂ ತೂರಲಿಲ್ಲ. ಮಹಜರು ಬರೆದು ಅಂಗಿಯನ್ನು ವಶಕ್ಕೆ ತೆಗೆದುಕೊಂಡರು. ಎದ್ದಾಗ ಕಾಗದದ ಕಡೆ ಕಣ್ಣು ಹೋಯಿತು.

"ನಮ್ಮತ್ತೆಗೆ," ಎಂದಳು ಆಕೆ. "ನಾದಿನಿ ಮನೆಯಲ್ಲಿದ್ದಾರೆ, ದೂರ. ಕಿವಿ ಕೇಳಲ್ಲ, ಫೋನ್ ಆಗಲ್ಲ. ಮಗ ಹೋದ ಅಂತ ನಾದಿನಿ ಹೇಳಿದ್ದಾಳೆ. ಹೇಗೆ ಹೋದ ಅಂತ ನಾನೇ ಬರೀಬೇಕಂತೆ, ನನ್ನ ಅಕ್ಷರ ಆದ್ರೆ ನಂಬ್ತಾರಂತೆ. ಈ ಕೆಲಸ ಬೇಡ ಅಂತ ಅವರು ಹಟ ಹಿಡಿದಾಗ, ಹುಷಾರಾಗಿರ್ತೀನಿ ಅಂತ ಇವರು ಮಾತು ಕೊಟ್ಟಿದ್ರು. ಈಗ ಬೀಡಾಡಿ ಹಾಗೆ ಸಿಗರೇಟು ಹಚ್ಚೋಕೆ ಹೋಗಿ ಸತ್ತ ಅಂತ ಬರೀಲಾ?"

"ಈಗಲೇ ಬರೀಬೇಡಿ," ಎಂದರು ಇನ್‌ಸ್ಪೆಕ್ಟರಮ್ಮ.

ಶವಾಗಾರದಲ್ಲಿ ಕತ್ತರಿಸಿ ತೆಗೆದಿಟ್ಟಿದ್ದ ಅಂಗಿಯನ್ನು ಮರುದಿನ ತೆರೆಸಿದರು. ಎದೆಯ ಭಾಗ ಬೂದಿಯಾಗಿತ್ತು. ಅಂಗಿಗಿದ್ದ ಎರಡೇ ಜೇಬುಗಳು ಸೊಂಟದ ಬಳಿ ಉಳಿದಿದ್ದವು, ಅದೇ ಒತ್ತು ಹೊಲಿಗೆಯೊಂದಿಗೆ.

ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ವೇದಿಕೆ ಕಟ್ಟುವಾಗ ವೆಲ್ಡಿಂಗ್ ಬೆಳಕಿಗೆ ಸೈರನ್ ಮತ್ತೆ ಮತ್ತೆ ಕೂಗಿತೆಂದೂ, ಗಾಜಿಗೆ ಕಪ್ಪು ಟೇಪು ಹಚ್ಚಲು ಮ್ಯಾನೇಜರೇ ಹೇಳಿದನೆಂದೂ, ಸಾವಿನ ಸುದ್ದಿ ಬಂದ ಮೇಲೆ ಕೀಳಿಸಿದನೆಂದೂ ಎಲೆಕ್ಟ್ರಿಷಿಯನ್ ಹೇಳಿಕೆ ಕೊಟ್ಟ. ಪೊರಕೆಗಳನ್ನು ತೋರಿಸಿದ್ದು ಅದೇ ಬಕೆಟ್ ಹೆಂಗಸು. ಪಾಯಿಖಾನೆಯ ಹಿಂದಿನ ಗುಂಡಿಯ ಕಲ್ಲು ಸರಿಸಿದಾಗ ಗಡಿಯಾರ ಓಡಿಹೋಗಿ ವಾಂತಿ ಮಾಡಿಕೊಂಡ. ಇನ್‌ಸ್ಪೆಕ್ಟರಮ್ಮ ಬಗ್ಗಿ ನೋಡಿದರು. ಹೇಲಿನ ಮೇಲೆ ತೇಲುತ್ತಿದ್ದವು, ತುದಿ ಸುಡದ ಹೊಸ ಪೊರಕೆಗಳು. ಒಂದೊಂದನ್ನೂ ತೆಗೆಸಿ, ಪಂಚರ ಸಮಕ್ಷಮ ತೊಳೆಸಿ, ಚೀಟಿ ಕಟ್ಟಿಸಿದರು.

ಮ್ಯಾನೇಜರನ ಕೋಣೆಯ ಗೋಡೆಗೆ ಆಗಲೇ ಸಮಾರಂಭದ ದೊಡ್ಡ ಫೋಟೋ ಬಂದಿತ್ತು. ಬಿಳಿ ಬಸ್ಸು, ಬಿಳಿ ಗೋಡೆ, ಮುಖ್ಯ ಅತಿಥಿಗಳ ಕೈಯಲ್ಲಿ ನೀರಿನ ಲೋಟ.

"ಪೊರಕೆ ಯಾಕೆ ತೆಗೆಸಿದ್ರಿ?"

"ಸ್ವಚ್ಛ ಇಂಧನ ಅಂತ ಬೋರ್ಡ್ ಹಾಕಿ, ಪಕ್ಕದಲ್ಲಿ ಪೊರಕೆ ನೇತುಹಾಕೋದಾ? ಫೋಟೋದಲ್ಲಿ ಹೇಗೆ ಕಾಣುತ್ತೆ?"

"ಲೈಟರ್?"

ಅವನು ಬಾಟಲಿಗೆ ಕೈ ಹಾಕಿದ. ಇನ್‌ಸ್ಪೆಕ್ಟರಮ್ಮ ಅದನ್ನು ಮೇಜಿನ ಆಚೆ ತುದಿಗೆ ಸರಿಸಿದರು.

"ಅಂಗಡಿಯಿಂದ ನಾನೇ ತಂದದ್ದು," ಎಂದ ಕೊನೆಗೆ. "ಒಬ್ಬನಿಂದ ಇಷ್ಟೆಲ್ಲ ಕೆಟ್ಟುಹೋಗಬಾರದು ಅಂತ."

"ಕೆಟ್ಟದ್ದು ಏನು? ಫೋಟೋನಾ?"

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ, ಸುಳ್ಳು ಸಾಕ್ಷ್ಯ ಸೃಷ್ಟಿ ಎಂದು ಆರೋಪ ಓದಿ ಹೇಳಿ, ಎರಡು ವಾರದ ತನಿಖೆಯ ಕೊನೆಗೆ ಅವನನ್ನು ಬಂಧಿಸಲಾಯಿತು. ಜೀಪಿನಲ್ಲಿ ಯಾರೂ ಕೇಳದಿದ್ದರೂ ಅವನೇ ಬಾಯಿಬಿಟ್ಟ. ಅವನ ತಾಯಿ ಅವನೇ ಓದುತ್ತಿದ್ದ ಶಾಲೆಯ ಕಸ ಗುಡಿಸುತ್ತಿದ್ದಳಂತೆ. ಹುಡುಗರು ಅವನನ್ನು ಪೊರಕೆ ಎಂದೇ ಕರೆಯುತ್ತಿದ್ದರಂತೆ. ಡಿಪೋಗೆ ಬಂದ ದಿನದಿಂದ ಆ ಮೊಳೆಗಳ ಕಡೆ ನೋಡಲಾಗುತ್ತಿರಲಿಲ್ಲವಂತೆ.

"ತಾಯಿ ಇದ್ದಾರಾ?" ಎಂದು ಕೇಳಿದರು ಇನ್‌ಸ್ಪೆಕ್ಟರಮ್ಮ.

"ಇದ್ದಾಳೆ. ಉದ್ಘಾಟನೆಗೆ ಬರ್ತೀನಿ ಅಂದಿದ್ಲು. ಬೇಡ ಅಂದೆ."

ಕನಿಕರ ಹುಟ್ಟಬಹುದೆಂದು ಅವರು ಸ್ವಲ್ಪ ಹೊತ್ತು ಕಾದರು. ಹುಟ್ಟಲಿಲ್ಲ. ಕಿಟಕಿಯ ಗಾಜು ಇಳಿಸಿದರು.

ಠಾಣೆಗೆ ಮರಳುವ ಮುಂಚೆ ಆ ಒಂದೇ ಕೋಣೆಯ ಮನೆಯ ಮುಂದೆ ಇಳಿದು, ಆರೋಪಿಯನ್ನು ಉಳಿದ ಪೇದೆಗಳ ಜೊತೆ ಜೀಪಿನಲ್ಲಿ ಮುಂದೆ ಕಳಿಸಿದರು. ಗಡಿಯಾರ ಜೊತೆಗೆ ಉಳಿದ. ವಿಷಯ ಕೇಳಿದ ಹೆಂಡತಿ ಕತ್ತರಿ ಪಕ್ಕಕ್ಕಿಟ್ಟು ಹಳೆಯ ಹಾಳೆ ಹರಿದು ಹೊಸದು ತೆಗೆದುಕೊಂಡಳು.

"ಏನಂತ ಬರೀಲಿ?"

"ಕೊಟ್ಟ ಮಾತು ಉಳಿಸಿಕೊಂಡಿದ್ರು, ಕೈಯಲ್ಲಿದ್ದದ್ದನ್ನ ಬೇರೆಯವರು ಕಿತ್ಕೊಂಡ್ರು ಅಂತ ಬರೀರಿ."

ಆಕೆ ಬರೆದಳು. ಅತ್ತೆಯ ಕಣ್ಣು ಮಂದವೆಂದು ಅಕ್ಷರಗಳನ್ನು ದಪ್ಪಗೆ ತಿದ್ದಿದಳು. ಲಕೋಟೆ ಅಂಟಿಸಿ ಕೊಟ್ಟಾಗ ಗಡಿಯಾರ ಮಣಿಕಟ್ಟು ನೋಡಿಕೊಂಡ.

"ಕೊನೇ ಟಪಾಲು ಹೋಗೋಕೆ ಇನ್ನೂ ಹೊತ್ತಿದೆ ಮೇಡಂ," ಎಂದು ಹೇಳಿ, ಬೀದಿ ತಿರುವಿನ ಅಂಚೆ ಡಬ್ಬಿಯ ಕಡೆ ಓಡಿದ.