ಕಾಣಲಿಲ್ಲ ಎಂದ ವರ

"ಹುಡುಗಿ ಹ್ಯಾಂಗ ಕಂಡ್ಳು, ಧನಪಾಲ?" ಅವನ ಕಾಕಾ ಎಲ್ಲರೆದುರೇ ಕೇಳಿದರು.

"ಕಾಣಲಿಲ್ರಿ."

ಶಿರಗುಪ್ಪಿಯ ನಮ್ಮ ಪಡಸಾಲೆಯಲ್ಲಿ ಚಹದ ಕಪ್ಪುಗಳ ಸದ್ದೂ ನಿಂತಿತು. ಅದು ೧೯೯೧ರ ಚಳಿಗಾಲ. ಇಬ್ಬರು ವರರು ಮೊದಲೇ ಬಂದು, ಹುಡುಗಿ ಛಲೋ ಅದಾಳ ಎಂದು ಬಾಯಿತುಂಬ ಹೊಗಳಿ ಹೋಗಿ, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಇವನ ಫೋಟೋ ನೋಡಿದಾಗಿನಿಂದ ಈ ಸಂಬಂಧವಾದರೂ ಕೂಡಿಬರಲಿ ಎಂದು ನಾನು ಆಸೆಪಟ್ಟಿದ್ದೆ. ಈಗ ಮೈಯೆಲ್ಲ ಉರಿಯಿತು.

"ಕಣ್ಣಿಗೇನಾಗೇತ್ರಿ ನಿಮಗ?" ಕೇಳಿಯೇಬಿಟ್ಟೆ. ಪಕ್ಕದಲ್ಲಿ ಕೂತಿದ್ದ ನಮ್ಮ ಶೇವಂತಾ ಅತ್ತಿ ನನ್ನ ತೋಳು ಚಿವುಟಿದಳು.

"ಹೊತ್ತು ನಿಮ್ಮ ಬೆನ್ನಿಗೆ ಐತ್ರಿ. ನನಗ ಬರೇ ನೆಳ್ಳ ಕಾಣತೈತಿ."

ನಿಜವೇ. ನಮ್ಮಲ್ಲಿ ಕನ್ಯೆಯನ್ನು ಪೂರ್ವಕ್ಕೆ ಮುಖ ಮಾಡಿ ಕೂಡಿಸುತ್ತಾರೆ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ನೋಡುವ ಶಾಸ್ತ್ರ ಐದೂವರೆಗಿತ್ತು. ಪಶ್ಚಿಮದ ಬಾಗಿಲಿನ ಬಿಸಿಲು ನೆಟ್ಟಗೆ ಅವನ ಕಣ್ಣಿಗೇ ಹೊಡೆಯುತ್ತಿತ್ತು.

"ಕಂಡ್ಳು ಅಂದಿದ್ರ ನಿನ್ನ ಗಂಟೇನ ಹೋಗ್ತಿತ್ತು?" ಕಾಕಾ ಗದರಿದರು.

ಧನಪಾಲ ದೂರದೊಂದು ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನಗಳಿಗೆ ಇಳಿಯಲು ಅಪ್ಪಣೆ ಕೊಡುವವನು. ಅವನು ನನಗೇ ಹೇಳಿದ.

"ಹ್ವಾದ ತಿಂಗಳ ಇದ ಹೊತ್ತಿನ್ಯಾಗ, ರನ್‌ವೇ ಮ್ಯಾಲ ಯಾರೂ ಇಲ್ಲ ಅಂತ ಪೈಲಟ್‌ಗೆ ಹೇಳಿದ್ನಿ. ಖರೇ ಅಂದ್ರ ಬಿಸಿಲಿಗೆ ನನಗೇನೂ ಕಂಡಿದ್ದಿಲ್ಲ. ಹುಲ್ಲ ಕೊಯ್ಯಾಕಿ ಒಬ್ಬಾಕಿ ದಾಟಾಕತ್ತಿದ್ಲು. ಪೈಲಟ್ ನೋಡಿ ವಿಮಾನ ಮ್ಯಾಲೆತ್ತಿದ, ಆಕಿ ಉಳದ್ಲು. ಅವತ್ತಿಂದ ಕಾಣದ್ದನ್ನ ಕಂಡೇನಿ ಅನ್ನಾಕ ನನಗ ಬಾಯಿ ಬರೂದಿಲ್ರಿ."

ನನ್ನ ಸಿಟ್ಟು ಇಳಿದುಹೋಯಿತು. ನನ್ನ ಕುರ್ಚಿ ತಿರುಗಿಸಲು ಅತ್ತಿ ಬಿಡಲಿಲ್ಲ. ಮುಸ್ಸಂಜೆ ಬಾಗಿಲು ಹಾಕುವುದಂತೂ ಅಪಶಕುನ.

"ವಿಮಾನಕ್ಕ ಏನ ಹೇಳ್ತೀರಿ?" ಎಂದೆ.

"ಹೊತ್ತು ಇಳಿಯುತನಾ ಮ್ಯಾಲ ಸುತ್ತ ಹಾಕ್ಕೋತ ಇರು ಅಂತೀನ್ರಿ."

"ಹಂಗಾರ ನೀವೂ ಕಾಯ್ರಿ."

"ಊಟ ತಪ್ಪತೈತಲ್ಲೋ ಯಪ್ಪಾ!" ಅವ್ವ ಗಾಬರಿಯಾದಳು.

"ತಪ್ಪಲಿ ಬಿಡ್ರಿ," ಎಂದ. ನನಗೂ ಹಸಿವಿಲ್ಲವೆಂದು ಹಸಿಸುಳ್ಳು ಹೇಳಿ ಕೂತೆ.

ಹಿರಿಯರು ಊಟಕ್ಕೆ ಎದ್ದರು. ಒಳಗಿನಿಂದ ಹೋಳಿಗೆಯ ವಾಸನೆ. ಅವನು ನೀರಾಡುವ ಕಣ್ಣು ಒರೆಸಿಕೊಳ್ಳುತ್ತ ನನ್ನ ಕಡೆಗೇ ಮುಖ ಮಾಡಿ ಕೂತಿದ್ದ. ಅವನಿಗೆ ನಾನು ಕಾಣುತ್ತಿರಲಿಲ್ಲವಲ್ಲ, ನಾನು ಮಾತ್ರ ಮನದಣಿಯೆ ನೋಡಿದೆ. ಆ ರೆಪ್ಪೆ, ಒಣಗಿದ ತುಟಿ, ಇಸ್ತ್ರಿ ಮಾಡಿದ ಕಾಲರಿನ ಮೇಲೊಂದು ಎಳೆ ದಾರ. ಅದನ್ನು ತೆಗೆಯಬೇಕೆನಿಸಿತು.

ಬಿಸಿಲು ಕೆಂಪಾಗಿ, ಮಾಸಿ, ಹೊತ್ತು ಮುಳುಗಿತು. ಆಗ ಅವನು ನಿಧಾನವಾಗಿ ನೋಡಿದ. ನಾನೇ ಬಾಯಿಬಿಟ್ಟು ಕೇಳಿದೆ.

"ಕೆನ್ನಿ ಮ್ಯಾಲ ಸುಟ್ಟ ಕಲಿ ಐತಿ. ಕಾಣತೈತೇನ್ರಿ?"

ಹಿಂದೆ ಬಂದವರಿಬ್ಬರೂ, ಏನೂ ಕಾಣೂದಿಲ್ಲ ಎಂದಿದ್ದರು.

"ಕಾಣತೈತ್ರಿ," ಎಂದ. "ಕಿವಿತನಾ ಐತಿ." ಮತ್ತೆ, ಇನ್ನೂ ಮೆಲ್ಲಗೆ, "ನನಗ ನೀವ ಬೇಕ್ರಿ."

ಅವ್ವ ದೀಪ ಹಿಡಿದು ಬಂದಾಗ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

"ಒಲ್ಲೆ ಅಂದ್ನೇನವ್ವಾ?"

"ಇಲ್ಲಬೇ," ಎಂದೆ. "ನೋಡಿದ."